ಯಾರ ಹೆಸರಿನ ದವಡೆ

“ಪಿಸ್ತೂಲು ಒಳಗೆ ಬರಂಗಿಲ್ಲ ಮೇಡಂ,” ಅಂದಳು ಅನುಸೂಯ. “ಮ್ಯಾಗ್ನೆಟ್ ಹಗಲೂ ರಾತ್ರಿ ಆನ್ ಇರ್ತೈತೆ. ಸೊಂಟದಿಂದ ಕಿತ್ಕಂಡು ಹೋಗಿ ಮಿಷನ್ನಿಗೆ ಬಡ್ಕಂತೈತೆ.”

ಇಷ್ಟು ವರ್ಷದ ಸರ್ವೀಸಿನಲ್ಲಿ ಯಾವ ರೌಡಿಯೂ ಈ ಉಷಾರಾಣಿಯ ಕೈಯಿಂದ ಪಿಸ್ತೂಲು ಇಸಿದುಕೊಂಡಿರಲಿಲ್ಲ. ಈಗ ಚಿತ್ರದುರ್ಗದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನೀಲಿ ಕೋಟಿನ ಈ ಹುಡುಗಿ, ಹಿರಿಯೂರು ಸ್ಟೇಷನ್ನಿನ ಸಬ್ ಇನ್ಸ್‌ಪೆಕ್ಟರ್ ಮುಂದೆ ಕೈಯೊಡ್ಡಿ ನಿಂತಿದ್ದಳು. ನನಗೆ ಉರಿದುಹೋಯಿತು. ಆದರೂ ಬೆಲ್ಟಿಗೆ ಕೈ ಹಾಕಿದೆ, ಅವಳ ಬಾಯಿಂದ ನನಗೊಂದು ಮಾತು ಬೇಕಿತ್ತು.

ಬೆಳಗ್ಗೆಯಿಂದ ಅವಳ ಬಾಯಿ ಬಿಡಿಸಲು ಹೆಣಗಾಡಿ ಸಾಕಾಗಿತ್ತು. ಗದರಿದ್ದಾಯಿತು, ಪುಸಲಾಯಿಸಿದ್ದಾಯಿತು. ಏನು ಕೇಳಿದರೂ ನನಗೆ ಗೊತ್ತಿಲ್ಲ ಅನ್ನುವುದು, ಅಂದುಬಿಟ್ಟು ಕೌಂಟರಿನ ಮೇಲಿನ ಕ್ಯಾಮೆರಾ ಕಡೆ ನೋಡುವುದು. ಅದರಲ್ಲಿ ಮಾತೂ ಕೇಳಿಸುತ್ತದೆ, ಮಾಲೀಕರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕೇಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ಡಾಕ್ಟರ ಚೀಟಿ ಅವಳ ಕಣ್ಣಿಗೆ ಬಿತ್ತು. ದನಿ ತಗ್ಗಿಸಿ, ನಿಮ್ಮ ದವಡೆ ಸ್ಕ್ಯಾನು ಇವತ್ತೇ ಮಾಡಿಸಿಕೊಳ್ಳಿ, ಒಳಗೆ ಕ್ಯಾಮೆರಾನೂ ಇಲ್ಲ ಫೋನೂ ಇಲ್ಲ, ಅಲ್ಲಿ ಹೇಳುತ್ತೇನೆ ಅಂದಳು.

ನನ್ನ ದವಡೆಯ ಕಥೆ ಬೇರೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಚಾಳಿ ನನಗೆ. ಕಡಿದು ಕಡಿದು ಕಿವಿಯ ಮುಂದಿನ ಕೀಲು ಕೆಟ್ಟುಹೋಗಿದೆ, ಊಟಕ್ಕೆ ಕೂತರೆ ಕಟಕ್ ಅನ್ನುತ್ತದೆ. ಹೋದ ವಾರ ಮೀಟಿಂಗಿನಲ್ಲಿ ಆಕಳಿಸಿದೆ ನೋಡಿ, ತೆರೆದ ಬಾಯಿ ಮುಚ್ಚಲೇ ಇಲ್ಲ. ಮಾತಾಡುತ್ತಿದ್ದ ಸಾಹೇಬರು ತಮ್ಮನ್ನೇ ಅಣಕಿಸುತ್ತಿದ್ದಾಳೆ ಅಂದುಕೊಂಡು ಕೆಂಪಗಾದರು. ಆಮೇಲೆ ಹಲ್ಲಿನ ಡಾಕ್ಟರ್ ಪಲ್ಲವಿ ಎರಡೂ ಹೆಬ್ಬೆರಳು ನನ್ನ ಬಾಯೊಳಗೆ ಇಟ್ಟು, ಕೆಳಕ್ಕೆ ಒತ್ತಿ, ಹಿಂದಕ್ಕೆ ತಳ್ಳಿ ಕೂರಿಸಿದಳು.

ಎಕ್ಸ್‌ರೇಯಲ್ಲಿ ಬರೀ ಮೂಳೆ ಕಾಣುತ್ತದಂತೆ. ಕೀಲಿನ ನಡುವೆ ಮೆತ್ತನೆಯ ಒಂದು ಬಿಲ್ಲೆ ಇರುತ್ತದೆ, ಅದು ಜಾರಿದೆಯಾ ಅಂತ ನೋಡಬೇಕಾದರೆ ಎಂ.ಆರ್.ಐ. ಆಗಬೇಕು, ಬಾಯಿ ಮುಚ್ಚಿಕೊಂಡು ಒಂದು ಸಲ, ತೆರೆದುಕೊಂಡು ಒಂದು ಸಲ ಅಂತ ಹೇಳಿ ಚೀಟಿ ಬರೆದುಕೊಟ್ಟಿದ್ದಳು. ಮಾಡಿಸಲು ಪುರುಸೊತ್ತೆಲ್ಲಿ. ಚೀಟಿ ಬ್ಯಾಗಿನಲ್ಲೇ ಮಡಿಕೆಯಾಗಿ ಕೂತಿತ್ತು.

ಪಿಸ್ತೂಲು, ಮೊಬೈಲು, ಬೆಲ್ಟು ಮೂರನ್ನೂ ಹೆಡ್ ಕಾನ್‌ಸ್ಟೆಬಲ್ ಜುಂಜಪ್ಪನ ಕೈಗೆ ಕೊಟ್ಟು ಮುಂಬಾಗಿಲಲ್ಲಿ ಕೂರಿಸಿದೆ. ನಾನು ಹೊರಗೆ ಬರುವ ತನಕ ಒಂದು ನರಪಿಳ್ಳೆಯನ್ನೂ ಒಳಗೆ ಬಿಡಬೇಡಿ ಅಂದೆ. ಜುಂಜಪ್ಪ ಹೇಳಿದ ಮಾತು ಮೀರುವ ಮನುಷ್ಯನಲ್ಲ. ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತ.

ಊಟದ ಹೊತ್ತು. ಕೌಂಟರಿನ ಹುಡುಗಿ ಬುತ್ತಿ ಹಿಡಿದು ಹೋಗಿಯಾಗಿತ್ತು. ಬೆಳಗ್ಗೆ ಬಂದ ರೋಗಿಗಳೆಲ್ಲ ಹೋದರು ಅಂತ ಅವಳೇ ಹೇಳಿದ್ದಳು. ಕಾಯುವ ಬೆಂಚಿನ ಮೇಲೆ ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಂಗಸು ಮಾತ್ರ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು, ಕಾಲ ಬಳಿ ಮಜ್ಜಿಗೆ ಬಾಟಲಿ. ಯಾರದೋ ರಿಪೋರ್ಟಿಗೆ ಕಾಯುತ್ತಿರಬೇಕು ಅಂದುಕೊಂಡೆ.

ಒಳಗಿನ ಕಾರಿಡಾರಿನಲ್ಲಿ ಬಸವಣ್ಣನ ಫೋಟೋ, ಅದರ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಒಗೆದ ಬಿಳಿ ವಸ್ತ್ರ. ಇಲ್ಲಿಂದ ಮುಂದೆ ಬೆಳ್ಳಿ ಬಂಗಾರ ಕಬ್ಬಿಣ ಯಾವುದೂ ತರಬಾರದು ಅಂತ ಗೋಡೆಯ ಮೇಲೆ ಬರೆದಿತ್ತು. ತಟ್ಟೆ ಯಾಕೆ ಅಂತ ಕೇಳಿದೆ. ಹಿಂದೊಮ್ಮೆ ಒಬ್ಬ ಅಜ್ಜಿ, ಕೊರಳಿನ ಕರಡಿಗೆಯನ್ನು ಚಪ್ಪಲಿ ಇಡುವ ಗೂಡಿನಲ್ಲಿ ಇಡಿ ಅಂದದ್ದಕ್ಕೆ ಅತ್ತು ಕರೆದು ಸ್ಕ್ಯಾನೇ ಬೇಡ ಅಂತ ವಾಪಸ್ ಹೊರಟಿದ್ದಳಂತೆ. ಲಿಂಗ ಇರುವ ಬೆಳ್ಳಿ ಡಬ್ಬಿ, ಅದನ್ನು ಎಲ್ಲಿ ಬೇಕೆಂದರಲ್ಲಿ ಇಡಲು ಆಗುತ್ತದೆಯೇ. ಅವತ್ತೇ ಅನುಸೂಯ ತನ್ನ ಮನೆಯಿಂದ ಈ ತಟ್ಟೆ ತಂದಳು. ಜೊತೆಗೆ ಯಾರಾದರೂ ಬಂದಿದ್ದರೆ ಲಿಂಗವಂತರು ಅವರ ಕೈಗೆ ಕೊಡುತ್ತಾರೆ, ಒಂಟಿಯಾಗಿ ಬಂದವರು ವಸ್ತ್ರದಲ್ಲಿ ಸುತ್ತಿ ಇಲ್ಲಿಡುತ್ತಾರೆ ಅಂದಳು.

ತಟ್ಟೆಯಲ್ಲಿ ಆಗಲೇ ಒಂದು ಕರಡಿಗೆ ಇತ್ತು. ವಸ್ತ್ರದ ಮಡಿಕೆಯಿಂದ ಕೆಂಪು ದಾರ ಹೊರಗೆ ಇಳಿಬಿದ್ದಿತ್ತು, ದಾರದಲ್ಲಿ ಒಂದು ಹವಳದ ಮಣಿ. ಅನುಸೂಯ ಮುಂದೆ ಹೋಗಿ ಬಾಗಿಲು ತೆಗೆಯುತ್ತಿದ್ದಳು, ಅವಳು ನೋಡಲಿಲ್ಲ. ನಾನು ನೋಡಿದೆ. ನೋಡಿ, ಅದಕ್ಕೆ ಮುಟ್ಟದ ಹಾಗೆ ಪಕ್ಕದಲ್ಲಿ ನನ್ನ ತಾಳಿ, ಓಲೆ, ಕಾಲುಂಗುರ ಇಟ್ಟೆ.

ಬಟ್ಟೆ ಬದಲಾಯಿಸಲು ಎರಡು ಗೂಡುಗಳಿದ್ದವು. ಒಂದರ ಪರದೆ ಎಳೆದಿತ್ತು. ನಾನು ಇನ್ನೊಂದಕ್ಕೆ ಹೋಗಿ ಅವರು ಕೊಟ್ಟ ಗೌನು ಹಾಕಿಕೊಂಡು ಬಂದೆ. ನನ್ನ ಮನಸ್ಸೆಲ್ಲ ಹೊರಗಿಟ್ಟು ಬಂದ ಪಿಸ್ತೂಲಿನ ಮೇಲಿತ್ತು.

ಮಿಷನ್ನಿನ ರೂಮು ಎಂದರೆ ಕೊರೆಯುವ ಚಳಿ. ಅನುಸೂಯ ನನ್ನನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿ, ಎರಡೂ ಕಿವಿಯ ಮುಂದೆ ಚಿತ್ರ ಹಿಡಿಯುವ ಒಂದೊಂದು ಸುರುಳಿ ಕೂರಿಸಿ, ತಲೆ ಅಲುಗದ ಹಾಗೆ ಪಟ್ಟಿ ಕಟ್ಟಿದಳು. ಎದೆಯ ಮೇಲೂ ಒಂದು ಪಟ್ಟಿ. ಕಣ್ಣಿನ ಮೇಲೆ ಓರೆಯಾಗಿ ಪುಟ್ಟ ಕನ್ನಡಿ. ಅದರಲ್ಲಿ ಗಾಜಿನಾಚೆಯ ಕೋಣೆ, ಅವಳು ಕೂರುವ ಕುರ್ಚಿ ಕಾಣುತ್ತಿತ್ತು. ಕೈಗೆ ಒಂದು ರಬ್ಬರ್ ಉಂಡೆ ಕೊಟ್ಟು, ಏನಾದರೂ ಆದರೆ ಹಿಸುಕಿ, ಅಲ್ಲಿ ಗಂಟೆ ಹೊಡೆಯುತ್ತದೆ ಅಂದಳು.

ಮೊದಲು ಬಾಯಿ ಮುಚ್ಚಿಕೊಂಡು. ಹಲಗೆ ಒಳಗೆ ಸರಿಯಿತು. ಮಿಷನ್ನು ಬಡಿಯತೊಡಗಿತು. ತಗಡಿನ ಮೇಲೆ ಸುತ್ತಿಗೆಯಿಂದ ಹೊಡೆದ ಹಾಗೆ, ಬಿಡದೆ. ಮೂಗಿನ ಮುಂದೆ ಒಂದು ಗೇಣು ಜಾಗ. ನನಗೆ ಹೆದರಿಕೆ ಆಯಿತು, ಆಯಿತು ಅಂತ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಹೆದರಿಕೆ ಮರೆಯಲು ಕೇಸಿನ ಬಗ್ಗೆಯೇ ಯೋಚಿಸಿದೆ.

ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಕೊಟ್ರೇಶ್ ಸತ್ತು ಮಣ್ಣಾಗಿ ತಿಂಗಳಾಗುತ್ತ ಬಂದಿತ್ತು. ನಮ್ಮ ಸರಹದ್ದಿನ ಯಲ್ಲದಕೆರೆ ರಸ್ತೆಯಲ್ಲಿ ಅವನ ಕಾರು ಸುಟ್ಟು ಕರಕಲಾಗಿ ಸಿಕ್ಕಿತು, ಒಳಗೆ ಗುರುತು ಸಿಗದ ಒಂದು ಹೆಣ. ಡಿ.ಎನ್.ಎ. ತೆಗೆಯಲೂ ಏನೂ ಉಳಿದಿರಲಿಲ್ಲ. ಉಳಿದದ್ದು ದವಡೆಯ ಮೂಳೆ. ಆಗ ಅವನ ಎರಡನೇ ಹೆಂಡತಿ ಶಿವಗಂಗಾ, ಗಂಡ ಈಚೆಗೆ ದವಡೆ ನೋವಿಗೆ ಮಾಡಿಸಿದ್ದ ಸ್ಕ್ಯಾನು ತಂದು ಕೊಟ್ಟಳು. ಅದರಲ್ಲಿ ಬಲಗಡೆ ಕೀಲಿನ ಮೂಳೆಯ ತಲೆ ನಡುವೆ ಸೀಳಿ ಎರಡಾಗಿತ್ತು. ಅದು ಅಪರೂಪಕ್ಕೆ ಯಾರಿಗೋ ಇರುವಂಥದ್ದು. ಹೆಣದ ದವಡೆಯಲ್ಲೂ ಬಲಗಡೆ, ಅದೇ ಸೀಳು.

ಹೆಣ ಕೊಟ್ರೇಶನದೇ ಅಂತ ತೀರ್ಮಾನವಾಯಿತು. ಮೊದಲ ಹೆಂಡತಿ ಸರ್ವಮಂಗಳಳನ್ನು ಬಾವಿಗೆ ತಳ್ಳಿ ಕೊಂದ ಅಂತ ಅವನ ಮೇಲೆ ನಡೆಯುತ್ತಿದ್ದ ಕೇಸು, ಇನ್ನೇನು ತೀರ್ಪು ಬರಬೇಕು ಅನ್ನುವಾಗ, ಆರೋಪಿಯೇ ಇಲ್ಲ ಅಂತ ಮುಚ್ಚಿಹೋಯಿತು. ಅವಳು ಸತ್ತಾಗ ನಾನು ಹೊಸದುರ್ಗದಲ್ಲಿದ್ದೆ. ಸರ್ವಮಂಗಳಳನ್ನು ಬಾವಿಯಿಂದ ಎತ್ತಿಸಿದವಳು ನಾನು. ಕೋರ್ಟಿನಲ್ಲಿ ಅವನು ನನ್ನ ಕಡೆ ನೋಡಿ, ಎಷ್ಟೊಂದು ಮರ್ಯಾದೆಯಿಂದ, ಕೈ ಮುಗಿಯುತ್ತಿದ್ದ.

ಮನಸ್ಸಿನಲ್ಲಿ ಒಂದು ಮುಳ್ಳು ಮಾತ್ರ ಉಳಿದಿತ್ತು. ಕಾರಿನಲ್ಲಿ ಕರಗಿದ ಬೆಳ್ಳಿಯ ಗಟ್ಟಿ ಸಿಕ್ಕಿತ್ತು, ಅವನ ಕರಡಿಗೆ ಅಂದರು. ಅವರ ಮಾಡದಕೆರೆಯ ಹೊಲದಲ್ಲಿ ಮಣ್ಣು ಮಾಡುವಾಗ ಅಂಗೈಗೆ ಇಡಲು ಅಯ್ಯನವರು ಲಿಂಗ ಕೇಳಿದರು. ಶಿವಗಂಗಾ ಸೆರಗಿನ ಗಂಟಿನಿಂದ ಹೊಸ ಲಿಂಗ ತೆಗೆದುಕೊಟ್ಟಳು. ಗಂಡ ಹುಟ್ಟಿನಿಂದ ಕೊರಳಲ್ಲಿ ಇಟ್ಟುಕೊಂಡಿದ್ದ ಲಿಂಗ ಏನಾಯಿತು, ಬೂದಿಯಲ್ಲಿ ಸಿಕ್ಕಿತಾ ಅಂತ ಒಂದು ಸಲವೂ ಪೊಲೀಸರನ್ನು ಕೇಳಲಿಲ್ಲ. ಅವರ ಮನೆಗಳಲ್ಲಿ ಮೊದಲು ಕೇಳುವುದೇ ಅದನ್ನು.

ಈ ಬೆಳಗ್ಗೆ ಶ್ರೀರಾಂಪುರದ ರಂಗಕ್ಕ ಸ್ಟೇಷನ್ನಿಗೆ ಬಂದಳು. ಮಗ ಶ್ರೀನಿವಾಸ ಕೊಟ್ರೇಶನ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು, ತಿಪಟೂರಿಗೆ ಲೋಡು ಹೋಗುತ್ತೇನೆ ಅಂದವನು ವಾಪಸ್ ಬಂದಿಲ್ಲ. ಸಾವುಕಾರ ಸತ್ತ ಗಲಾಟೆಯಲ್ಲಿ ಕೂಲಿಯವನನ್ನು ಯಾರು ಕೇಳುತ್ತಾರೆ. ಮೈಮೇಲೆ ಏನಾದರೂ ಗುರುತು ಇದೆಯಾ ಅಂತ ಕೇಳಿದೆ.

“ಉಣ್ಣುವಾಗ ದವಡೆ ಕಟಕ್ ಅಂತಿತ್ತು ತಾಯಿ, ಪಕ್ಕದ ಮನೇಗೆ ಕೇಳಂಗೆ,” ಅಂದಳು. “ಸಾವ್ಕಾರ್ರು ಪುಣ್ಯಾತ್ಮರು. ತಾವೇ ದುರ್ಗಕ್ಕೆ ಕರ್ಕಂಡೋಗಿ ದವಡೆ ಪೋಟ ತೆಗೆಸ್ಕಂಡು ಬಂದಿದ್ರು.”

ಆಗ ನನ್ನ ದವಡೆಯೂ ಕಟಕ್ ಅಂದಿತು. ಜುಂಜಪ್ಪನನ್ನು ಎಬ್ಬಿಸಿಕೊಂಡು ಸೀದಾ ಇಲ್ಲಿಗೆ ಬಂದೆ. ಶ್ರೀನಿವಾಸನ ಹೆಸರಲ್ಲಿ ಇಲ್ಲಿ ಯಾವ ಸ್ಕ್ಯಾನೂ ಆಗಿರಲಿಲ್ಲ. ಕೊಟ್ರೇಶನ ಹೆಸರಲ್ಲಿ ಆಗಿತ್ತು, ಮಾಡಿದವಳು ಅನುಸೂಯ. ಮಲಗಿದ್ದವನ ಮುಖವನ್ನು ಹತ್ತಿರದಿಂದ ನೋಡಿದವಳು ಅವಳೊಬ್ಬಳೇ.

ಅವಳು ಬಾಯಿ ಬಿಟ್ಟರೆ ಕೊಟ್ರೇಶ ಬದುಕಿದ್ದಾನೆ, ಕೊಲೆಗಾರ. ಬಿಡದೆ ಹೋದರೆ ಸತ್ತವನು ಸತ್ತವನೇ. ನನಗೆ ಇವತ್ತು ಹೊಳೆದದ್ದು ಅವನಿಗೆ ಮೊದಲೇ ಹೊಳೆದಿರುತ್ತದೆ. ಹೊಳಲ್ಕೆರೆಯಿಂದ ದಿನಾ ಒಂಟಿಯಾಗಿ ಬಸ್ಸು ಹತ್ತಿ ಬಂದು ಹೋಗುವ ಈ ಹುಡುಗಿ ಇಷ್ಟು ದಿನ ಬದುಕಿರುವುದೇ ಹೆಚ್ಚು. ಇವತ್ತು ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡೇ ಹೋಗಬೇಕು ಅಂತ ಆ ಕೊಳವೆಯೊಳಗೆ ಮಲಗಿ ನಿಶ್ಚಯ ಮಾಡಿದೆ.

ಬಡಿತ ನಿಂತಿತು. ಅನುಸೂಯ ಒಳಗೆ ಬಂದು ಹಲಗೆಯನ್ನು ಹೊರಗೆಳೆದಳು. ಕೈಯಲ್ಲಿ ಪ್ಲಾಸ್ಟಿಕ್ಕಿನ ಒಂದು ಬೆಣೆ. ಈಗ ಬಾಯಿ ತೆರೆದ ಚಿತ್ರ. ಆದಷ್ಟು ಅಗಲ ತೆರೆಯಿರಿ ಅಂದು ಬೆಣೆಯನ್ನು ಹಲ್ಲುಗಳ ನಡುವೆ ಸೇರಿಸಿದಳು. ಎಡಗಡೆ ಕೀಲು ಒಮ್ಮೆ ಜಾರಿ ಎಲ್ಲೋ ಸಿಕ್ಕಿಕೊಂಡಿತು. ನೋವಿಗೆ ಕಣ್ಣಲ್ಲಿ ನೀರು ಬಂತು.

ಅವಳು ಬಗ್ಗಿ ನನ್ನ ಮುಖದ ಹತ್ತಿರ ಬಂದಳು.

“ಈಗ ನೀವು ಏನೂ ಕೇಳಂಗಿಲ್ಲ, ಬಯ್ಯಂಗಿಲ್ಲ. ಅದ್ಕೇ ಈಗ ಹೇಳ್ತೀನಿ.”

ಭಲೇ ಹುಡುಗಿ. ನನ್ನ ಇಡೀ ಸರ್ವೀಸಿನಲ್ಲಿ ಯಾವ ಸಾಕ್ಷಿಯೂ ಹೀಗೆ ನನ್ನ ಬಾಯಿಗೆ ಬೆಣೆ ಹೊಡೆದು ಹೇಳಿಕೆ ಕೊಟ್ಟಿರಲಿಲ್ಲ. ಬೇರೆ ಹೊತ್ತಿನಲ್ಲಾಗಿದ್ದರೆ ನಕ್ಕುಬಿಡುತ್ತಿದ್ದೆ.

ಅವತ್ತು ಇಬ್ಬರು ಬಂದಿದ್ದರಂತೆ. ಒಬ್ಬ ಸಾವುಕಾರ, ಇನ್ನೊಬ್ಬ ಆಳು. ಆರೋಗ್ಯದ ಕಾರ್ಡು ಸಾವುಕಾರನದು, ದವಡೆ ನೋವು ಆಳಿನದು. ಅದು ಅವಳಿಗೆ ಆಗಲೇ ತಿಳಿದಿತ್ತು. ತಿಳಿದೂ ಸುಮ್ಮನಿದ್ದಳು. ಅಣ್ಣನ ಕಾರ್ಡಿನಲ್ಲಿ ತಮ್ಮ, ಓರಗಿತ್ತಿಯ ಕಾರ್ಡಿನಲ್ಲಿ ಓರಗಿತ್ತಿ, ನಮ್ಮ ಕಡೆ ಇದು ದಿನಾ ಇದ್ದದ್ದೇ, ಇದನ್ನು ಯಾರೂ ತಪ್ಪು ಅಂದುಕೊಳ್ಳುವುದಿಲ್ಲ, ಉಪಕಾರ ಅಂದುಕೊಳ್ಳುತ್ತಾರೆ. ಬಡವನ ನೋವು ಹೋಗಲಿ ಅಂತ ಅನುಸೂಯಳೂ ಕೊಟ್ರೇಶನ ಹೆಸರು ಹಾಕಿದಳು. ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಅನ್ನುವುದೊಂದೇ ಆಗ ಅವಳ ಭಯ.

ಆಳಿಗೆ ಹೊಸ ಬಿಳಿ ಅಂಗಿ ತೊಡಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಬೆಳ್ಳಿ ಕರಡಿಗೆ ಹಾಕಿ ಸಾವುಕಾರ ಕರೆತಂದಿದ್ದ. ಕಾರ್ಡಿನ ಫೋಟೋಕ್ಕೆ ಹೊಂದಲಿ ಅಂತ. ಬೆಳ್ಳಿ ಬಂಗಾರ ತೆಗೆದಿಡಿ ಅಂದಾಗ ಆ ಆಳು ಕರಡಿಗೆಯನ್ನು ಕಿತ್ತು ಚಪ್ಪಲಿ ಗೂಡಿಗೆ ಹಾಕಿಬಿಟ್ಟ. ಲಿಂಗವನ್ನು ಚಪ್ಪಲಿಯ ಜೊತೆ ಇಡುವುದುಂಟೇ ಅಂತ ಅನುಸೂಯ ಓಡಿಹೋಗಿ ಎತ್ತಿಕೊಂಡಳು. ಹಗುರವಾಗಿತ್ತು. ಒಳಗೆ ಲಿಂಗವೇ ಇರಲಿಲ್ಲ.

ಜೊತೆಯವರೂ ಬಾಗಿಲ ತನಕ ಬರಬೇಕಾದರೆ ಮೈಮೇಲಿನದನ್ನು ತೆಗೆದಿಡಬೇಕು. ಮ್ಯಾಗ್ನೆಟ್ಟು ಏನೇನು ಎಳೆಯುತ್ತದೆ ಅಂತ ಸಾವುಕಾರ ಕೆದಕಿ ಕೆದಕಿ ಕೇಳಿದ್ದನಂತೆ. ಲಿಂಗಕ್ಕೆ ಏನಾದರೂ ಆಗುತ್ತದೆಯೇ ಅಂತಲೂ ಕೇಳಿದ. ಗೊತ್ತಿಲ್ಲಪ್ಪ, ಹತ್ತಿರ ತರದೆ ಇರುವುದೇ ಒಳ್ಳೆಯದು ಅಂದಿದ್ದಳು. ಅವನು ತನ್ನ ಅಂಗಿಯೊಳಗಿನಿಂದ ಕರಡಿಗೆ ತೆಗೆದು, ಕಣ್ಣಿಗೆ ಒತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ ತಟ್ಟೆಯಲ್ಲಿಟ್ಟ. ಎಂಥ ಭಕ್ತ ಅಂದುಕೊಂಡಳಂತೆ ಇವಳು.

“ಆಮೇಲೆ ಪೇಪರಿನಾಗೆ ಸತ್ತೋನ ಫೋಟೋ ಬಂತು,” ಅಂದಳು. ಅವಳ ಉಸಿರು ನನ್ನ ಹಣೆಗೆ ತಾಗುತ್ತಿತ್ತು. “ಇಲ್ಲಿ ಮಲಗಿದ್ದೋನಲ್ಲ ಮೇಡಂ. ಜೊತೇಲಿ ಬಂದಿದ್ದೋನು.”

ಸುಟ್ಟುಹೋದವನು ರಂಗಕ್ಕನ ಮಗ. ಪುಣ್ಯಾತ್ಮ ಅಂತ ಅವಳು ಕೈ ಮುಗಿದ ಸಾವುಕಾರ, ಕೊಲ್ಲುವ ಮೊದಲು ಅವನ ದವಡೆಗೆ ತನ್ನ ಹೆಸರು ಬರೆಸಿಕೊಂಡಿದ್ದ.

ಎರಡು ದಿನದಿಂದ ಯಾರೋ ಫೋನು ಮಾಡಿ ನೀವು ಊಟಕ್ಕೆ ಯಾವಾಗ ಹೋಗುತ್ತೀರಿ, ಒಬ್ಬರೇ ಇರುತ್ತೀರಾ ಅಂತ ಕೇಳುತ್ತಿದ್ದಾರೆ ಅಂದಳು. ಹೆಂಗಸಿನ ದನಿಯಂತೆ. ನಾನು ಮಾತಾಡಲು ಆಗದೆ ಅವಳ ಮೊಣಕೈ ಹಿಡಿದು ಅದುಮಿದೆ, ನಾನಿದ್ದೇನೆ ಅನ್ನುವ ಹಾಗೆ. ಅವಳು ಕಣ್ಣೊರೆಸಿಕೊಂಡು ಹಲಗೆಯ ಬಟನ್ನು ಒತ್ತಿದಳು. ನಾನು ಕೊಳವೆಯೊಳಗೆ ಸರಿಯುತ್ತಿರುವಾಗ, ಬಾಗಿಲ ಕಡೆ ನಡೆಯುತ್ತಲೇ, ತನಗೆ ತಾನೇ ಹೇಳಿಕೊಂಡ ಹಾಗೆ ಒಂದು ಮಾತು ಅಂದಳು.

“ಕೆಂಪು ದಾರ, ಒಂದು ಹವಳದ ಮಣಿ. ಆ ಕರಡಿಗೆ ಇನ್ನೂ ನನ್ನ ಕಣ್ಣಾಗೇ ಐತೆ.”

ದಪ್ಪ ಬಾಗಿಲು ಮುಚ್ಚಿಕೊಂಡಿತು.

ಅಯ್ಯೋ ನನ್ನ ಕಣ್ಣಿಗೆ ಮಣ್ಣು ಬೀಳ. ಈಗ ತಾನೇ ಅದರ ಪಕ್ಕದಲ್ಲಿ ನನ್ನ ತಾಳಿ ಇಟ್ಟು ಬಂದಿದ್ದೇನೆ. ಬೆಳಗ್ಗೆಯ ರೋಗಿಗಳೆಲ್ಲ ಹೋದರು ಅಂದಿದ್ದಳು ಕೌಂಟರಿನ ಹುಡುಗಿ. ಯಾವ ಲಿಂಗವಂತನೂ ಲಿಂಗವನ್ನು ಮರೆತು ಮನೆಗೆ ಹೋಗುವುದಿಲ್ಲ. ಅದು ತಟ್ಟೆಯಲ್ಲಿದೆ ಅಂದರೆ ಅದರ ಯಜಮಾನ ಈ ಗೋಡೆಗಳ ಒಳಗೇ ಇದ್ದಾನೆ. ಬೆಳಗಿನ ರೋಗಿಗಳ ಗದ್ದಲದಲ್ಲಿ ನುಸುಳಿ, ಎಳೆದಿದ್ದ ಆ ಪರದೆಯ ಹಿಂದೆ.

ಕೊಲ್ಲಲು ಬಂದವನು ಅಭ್ಯಾಸ ಬಿಟ್ಟಿರಲಿಲ್ಲ. ಮ್ಯಾಗ್ನೆಟ್ಟಿನಿಂದ ಲಿಂಗಕ್ಕೆ ಅಪಚಾರವಾಗಬಾರದು ಅಂತ, ಒಂಟಿಯಾಗಿ ಬಂದ ಎಲ್ಲರ ಹಾಗೆ, ಕಣ್ಣಿಗೆ ಒತ್ತಿಕೊಂಡು ತಟ್ಟೆಯಲ್ಲಿ ಇಟ್ಟಿದ್ದ. ಅವನು ಮಾಡಿದ ಒಂದೇ ಒಂದು ತಪ್ಪು ಅದು. ಅದನ್ನು ಕಂಡವಳು ನಾನೊಬ್ಬಳೇ, ಕಂಡೂ ಮುಂದೆ ಬಂದಿದ್ದೆ.

ನಾನು ಜುಂಜಪ್ಪನಿಗೆ ಹೇಳಿದ್ದು ಯಾರನ್ನೂ ಒಳಗೆ ಬಿಡಬೇಡಿ ಅಂತ. ಒಳಗಿದ್ದವನನ್ನು ಅವನು ಹೇಗೆ ತಡೆಯುತ್ತಾನೆ.

ರಬ್ಬರ್ ಉಂಡೆಯನ್ನು ಹಿಸುಕಿದೆ. ಕನ್ನಡಿಯಲ್ಲಿ ಅನುಸೂಯ ಕುರ್ಚಿಯಲ್ಲಿ ಕೂರುತ್ತಿರುವುದು ಕಂಡಿತು. ಗಂಟೆ ಕೇಳಿ ಮೈಕಿನ ಕಡೆ ಬಗ್ಗಿದಳು. ನೋವಾಗುತ್ತಿದೆಯಾ ಮೇಡಂ ಅಂತ ಕೇಳಲು ಬಾಯಿ ತೆರೆದಳು.

ಅವಳ ಹಿಂದಿನ ಬಾಗಿಲು ಸದ್ದಿಲ್ಲದೆ ತೆರೆಯಿತು.

ಮತ್ತೆ ಹಿಸುಕಿದೆ, ಬಿಡದೆ ಹಿಸುಕಿದೆ. ಒಂದು ಕೈ ಅವಳ ಬಾಯಿ ಮುಚ್ಚಿತು. ಇನ್ನೊಂದು ಕೈ ಅವಳ ಕಿವಿಯ ಮುಂದೆ, ದವಡೆಯ ಕೀಲು ಇರುವ ಜಾಗಕ್ಕೇ, ಕೊಬ್ಬರಿ ಕೊಯ್ಯುವ ಚೂರಿಯ ತುದಿ ಊರಿತು. ಅನುಸೂಯಳ ಕಣ್ಣುಗಳು ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದವು. ಅವನು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳ ಬೆರಳು ಒಂದು ಗುಂಡಿ ಒತ್ತಿತು.

ಮಿಷನ್ನು ಬಡಿಯತೊಡಗಿತು. ಇನ್ನು ನಾನು ಎಷ್ಟು ಅರಚಿದರೂ ಮುಂಬಾಗಿಲಿಗೆ ಕೇಳುವಂತಿರಲಿಲ್ಲ.

ಪಟ್ಟಿಯ ಕೆಳಗಿನಿಂದ ಒಂದು ಕೈಯನ್ನು ಹೇಗೋ ಎಳೆದು, ಮೊಣಕೈ ತರಚಿಕೊಂಡು ಮುಖದ ತನಕ ತಂದೆ. ಬೆಣೆಯನ್ನು ಕಿತ್ತು ಬಿಸಾಡಿದೆ. ಜುಂಜಪ್ಪ ಅಂತ ಕೂಗಬೇಕು, ಅಷ್ಟೇ. ಬಾಯಿ ಮುಚ್ಚಲಿಲ್ಲ. ಮೀಟಿಂಗಿನ ದಿನದ ಹಾಗೇ ದವಡೆ ತೆರೆದಲ್ಲೇ ಸಿಕ್ಕಿಹಾಕಿಕೊಂಡಿತ್ತು. ಅಂಗೈಯಿಂದ ಗಲ್ಲಕ್ಕೆ ಗುದ್ದಿದೆ. ನೋವು ಕಿವಿಯ ತನಕ ಹೊಡೆಯಿತು, ಕೀಲು ಕೂರಲಿಲ್ಲ. ಗಂಟಲಿನಿಂದ ಹೊರಟದ್ದು ಕಟ್ಟಿಹಾಕಿದ ಕರುವಿನಂಥ ಒಂದು ದನಿ.

ಬಡಿತ ನಿಂತಿತು. ಕೊಳವೆಯೊಳಗಿನ ಸ್ಪೀಕರು ಕರಕರ ಅಂದಿತು.

“ಅಲುಗಾಡಬ್ಯಾಡ್ರಿ ಮೇಡಂ. ಅಲುಗಾಡಿದ್ರೆ ಚಿತ್ರ ಕೆಡ್ತೈತಂತೆ, ಈ ಹುಡುಗೀನೇ ಹೇಳ್ಕೊಟ್ಟಿದ್ಲು.”

ಕೋರ್ಟಿನಲ್ಲಿ ಎಷ್ಟೋ ಸಲ ಕೇಳಿದ ದನಿ. ಸತ್ತು ಮಣ್ಣಾದ ಅಂದುಕೊಂಡವನ ದನಿ. ಅದೇ ಮರ್ಯಾದೆ, ಅದೇ ಮೆಲುಮಾತು.

ಒಳಗೆ ಬಾ ಅಂತ ಮನಸ್ಸಿನಲ್ಲೇ ಕರೆದೆ. ಆ ಕಬ್ಬಿಣ ಹಿಡಿದುಕೊಂಡು ಒಂದೇ ಒಂದು ಹೆಜ್ಜೆ ಈ ರೂಮಿನೊಳಗೆ ಇಡು, ಮಿಷನ್ನೇ ನಿನ್ನ ಕೈಯಿಂದ ಚೂರಿ ಕಿತ್ತುಕೊಳ್ಳುತ್ತದೆ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

“ನಾನು ಒಳಗೆ ಬರಾಕಿಲ್ಲ,” ಅಂದ, ನನ್ನ ಮನಸ್ಸು ಓದಿದವನ ಹಾಗೆ. “ಕೈಯಾಗೆ ಕಬ್ಬಿಣ ಐತೆ. ನಿಮ್ಮ ಪಿಸ್ತೂಲಿನ ಆಸೇನೂ ಬಿಡ್ರಿ. ಶಿವಗಂಗಾ ನಿಮ್ಮ ಜುಂಜಪ್ಪಂಗೆ ಮಜ್ಜಿಗೆ ಕೊಟ್ಟವಳೆ. ಬಿಸಿಲಿಗೆ ಬಾಯಾರಿತ್ತು ಪಾಪ, ಪೂರ್ತಿ ಕುಡ್ದು ಮಲಗವ್ನೆ.”

ಬೆಂಚಿನ ಮೇಲೆ ಸೆರಗು ಹೊದ್ದು ತೂಕಡಿಸುತ್ತಿದ್ದವಳು. ಅವಳನ್ನೂ ನಾನು ನೋಡಿದ್ದೆ.

ಕನ್ನಡಿಯಲ್ಲಿ ಅನುಸೂಯ ಅಲುಗದೆ ಕೂತಿದ್ದಳು. ಚೂರಿಯ ತುದಿಯಿಂದ ಒಂದು ಹನಿ ರಕ್ತ ಕೆಳಗಿಳಿದು ನೀಲಿ ಕೋಟಿನ ಕಾಲರಿಗೆ ಹತ್ತಿತು. ಅವಳು ಅಳುತ್ತಿರಲಿಲ್ಲ. ನಾನು ಏನಾದರೂ ಮಾಡುತ್ತೇನೆ ಅಂತ ನಂಬಿ ಕಾಯುತ್ತಿದ್ದಳು.

“ಇಲ್ಲಿಂದ ಒಬ್ರು ಮನೇಗೆ ಹೋಗಬೌದು,” ಅಂದ ಕೊಟ್ರೇಶ. “ಒಬ್ರೇ. ನಾನು ಸತ್ತಿದ್ದು ದಿಟ ಅಂತ ಹೇಳಾಕೆ ಒಂದು ಬಾಯಿ ಸಾಕು.”

ಆಮೇಲೆ, ಕೌಂಟರಿನಲ್ಲಿ ಕೂತವರು ರೋಗಿಯನ್ನು ಕೇಳುವಷ್ಟೇ ಸಮಾಧಾನವಾಗಿ ಕೇಳಿದ.

“ಹೇಳ್ರಿ ಮೇಡಂ, ಇವತ್ತಿನ ಹೆಣ ಯಾರ ಹೆಸರಿಗೆ ಬರೆಸಾಣ? ನಿಮ್ದಾ, ಈ ಹುಡುಗೀದಾ? ನೀವು ಸುಮ್ಕಿದ್ರೆ ಹುಡುಗೀದೇ ಅಂತ ತಿಳ್ಕಂತೀನಿ.”

ನನ್ನದು ಅಂತ ಹೇಳಬೇಕಿತ್ತು. ಇನ್ನೊಂದು ಕೈಯನ್ನೂ ಪಟ್ಟಿಯಿಂದ ಎಳೆದುಕೊಂಡು, ಎರಡೂ ಕೈಯಲ್ಲಿ ಗಲ್ಲ ಹಿಡಿದು ಎತ್ತಿದೆ. ದವಡೆ ಮುಚ್ಚಲಿಲ್ಲ.